ಹೂವಿನಮ್ಮನ ಹರಕೆ

ಮೊನ್ನೆ ಮದ್ದೂರು ಬಸ್ ನಿಲ್ದಾಣದಲ್ಲಿ ಒಂದು ಮೊಳ ಹೂವು ಕೊಂಡೆ. ಮಾರುವವಳ ಬೆರಳಿಗೆ ಬ್ಯಾಂಡೇಜು ಸುತ್ತಿತ್ತು. ಹೂವನ್ನು ಮೂಗಿನ ಹತ್ತಿರ ತಂದರೆ ಮರುಗದ ಘಮ, ಅದರ ಹಿಂದೆಯೇ ಗಾಯ ತೊಳೆಯುವ ಔಷಧಿಯ ವಾಸನೆ. ಎರಡೂ ಒಟ್ಟಿಗೆ ಬಂದದ್ದೇ ತಡ, ಮಳವಳ್ಳಿಯ ನಮ್ಮ ಬೀದಿಯ ಹೂವಿನಮ್ಮ ಕಣ್ಣೆದುರಿಗೆ ಬಂದು ಕೂತಳು...

ಅವಳ ಪಕ್ಕದಲ್ಲೇ ಸೊಪ್ಪಿನಮ್ಮ ಕೂರುತ್ತಿದ್ದಳು. ಇಬ್ಬರಿಗೂ ಒಂದೇ ಗೋಣಿತಾಟು, ಒಂದೇ ಕೊಡೆ. ಸಕ್ಕರೆ ಕಾಯಿಲೆಯೂ ಇಬ್ಬರಿಗೂ ಇತ್ತು. ದಿನವಿಡೀ ಜಗಳವಾಡುತ್ತಿದ್ದರು, ಆದರೆ ಒಬ್ಬಳು ಬಾರದಿದ್ದರೆ ಇನ್ನೊಬ್ಬಳಿಗೆ ವ್ಯಾಪಾರದ ಮೇಲೆ ಮನಸ್ಸೇ ಇರುತ್ತಿರಲಿಲ್ಲ.

ಹೂವಿನಮ್ಮನ ಪಾದದಲ್ಲಿ ಒಂದು ಹುಣ್ಣಾಯಿತು. ಏನು ಮಾಡಿದರೂ ಮಾಯಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಕಾಲನ್ನೇ ತೆಗೆಯಬೇಕಾದೀತು ಎಂದರಂತೆ. ಎಷ್ಟೋ ದಿನ ಅವಳ ಸುಳಿವಿರಲಿಲ್ಲ. ಆಮೇಲೊಂದು ಬೆಳಿಗ್ಗೆ ತನ್ನ ಕಾಲ ಮೇಲೆ ತಾನೇ ನಡೆದು ಬಂದು ಬುಟ್ಟಿ ಇಳಿಸಿದಳು. ಕೇಳಿದವರಿಗೆಲ್ಲ ಒಂದೇ ಉತ್ತರ: "ಮುತ್ತತ್ತಿರಾಯ್ನಿಗೆ ಅರಕೆ ಕಟ್ಕಂಡಿದ್ದೆ ಕಣಮ್ಮ. ಅವ್ನೇ ಕಾಲ್ ಉಳ್ಸ್ದ." ಬೀದಿಯವರೆಲ್ಲ ಕೈಮುಗಿದೆವು. ಪೂಜೆಗೆ ಅವಳ ಕೈಯ ಹೂವೇ ಬೇಕು ಎನ್ನುವವರು ಹೆಚ್ಚಾದರು. ನಮ್ಮಮ್ಮನೂ ಅವರಲ್ಲೊಬ್ಬಳು.

ಮರುವರ್ಷ ಸೊಪ್ಪಿನಮ್ಮನ ಹಿಮ್ಮಡಿಯಲ್ಲೂ ಹುಣ್ಣು. ಆಸ್ಪತ್ರೆಗೆ ಹೋಗು ಎಂದು ಹೂವಿನಮ್ಮ ಬೈದಳು, ಅತ್ತಳು. ಅವಳು ಕೇಳಬೇಕಲ್ಲ! "ನಿಂಗ್ ಕೊಟ್ಟೋನು ನಂಗ್ ಕೊಡಕಿಲ್ವಾ?" ಎಂದು ಗೆಳತಿಗಿಂತ ದೊಡ್ಡ ಹರಕೆ ಹೊತ್ತು, ಕಾವೇರಿ ದಡದ ಮುತ್ತತ್ತಿಗೆ ಬರಿಗಾಲಲ್ಲಿ ನಡೆದೇ ಹೊರಟುಬಿಟ್ಟಳು. ಬಿಸಿಲಿಗೆ ಕಾದ ಡಾಂಬರು ರಸ್ತೆ. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೆ ಸುಟ್ಟದ್ದೂ ತಿಳಿಯಲಿಲ್ಲ. ವಾಪಸು ಬರುವಷ್ಟರಲ್ಲಿ ಪಾದ ಕಪ್ಪಾಗಿತ್ತು. ಮಂಡಿಯ ಕೆಳಗೆ ಕಾಲು ತೆಗೆದರು.

ಆಸ್ಪತ್ರೆಯಿಂದ ಬಂದವಳನ್ನು ನೋಡಲು ಅಮ್ಮನೂ ನಾನೂ ಹೋಗಿದ್ದೆವು. ಬೀದಿಯ ಅರ್ಧ ಜನ ಅಲ್ಲೇ ಇದ್ದರು. ಹೂವಿನಮ್ಮ ಒಳಗೆ ಬಂದವಳು ಕೂರಲಿಲ್ಲ. ಗೋಡೆ ಹಿಡಿದು, ತಲೆ ತಗ್ಗಿಸಿ ನಿಂತಳು.

"ನನ್ ಕಾಲ್ ಉಳ್ಸಿದ್ದು ಅರಕೆ ಅಲ್ಲ ಕಣೇ... ಮೋರಿ ನೀರು."

ತಡೆದು ತಡೆದು ಎಲ್ಲ ಹೇಳಿದಳು. ಅವಳ ಹುಣ್ಣಿನಲ್ಲಿದ್ದ ಕ್ರಿಮಿ ಯಾವ ಇಂಜೆಕ್ಷನ್ನಿಗೂ ಬಗ್ಗಲಿಲ್ಲವಂತೆ. ಕೊನೆಯ ಪ್ರಯತ್ನವೆಂದು ಡಾಕ್ಟರು ಫೇಜ್ ಎಂಬುದನ್ನು ತರಿಸಿದ್ದರು. ಕ್ರಿಮಿಯನ್ನಷ್ಟೇ ಹುಡುಕಿ ಕೊಲ್ಲುವ, ಮನುಷ್ಯರ ತಂಟೆಗೆ ಬಾರದ ವೈರಸ್ಸು ಅದು. ಕ್ರಿಮಿ ಹೆಚ್ಚಿರುವ ಕಡೆಯೇ ಅದೂ ಸಿಗುವುದು. ಹಾಗಾಗಿ ಚರಂಡಿ ನೀರಿನಲ್ಲಿ ಹುಡುಕಿ, ಅವಳ ಹುಣ್ಣಿನ ಕ್ರಿಮಿಗೆ ಹೊಂದುವುದನ್ನು ಬೇರ್ಪಡಿಸಿ, ಶುದ್ಧಮಾಡಿ ಪುಟ್ಟ ಸೀಸೆಯಲ್ಲಿ ಕೊಟ್ಟಿದ್ದರು. ಡ್ರೆಸ್ಸಿಂಗ್ ಮಾಡುವಾಗ ಹುಣ್ಣಿಗೆ ಬಿಡುತ್ತಿದ್ದರು. ಚರಂಡಿಯದೇನೂ ಅದರಲ್ಲಿ ಉಳಿದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅವಳ ಕಿವಿಯಲ್ಲಿ ನಿಂತದ್ದು ಚರಂಡಿ ಒಂದೇ.

"ಮೋರಿ ನೀರ್ ಬುಟ್ಕಂಡೋಳ್ ಕೈಲಿ ದೇವ್ರಿಗೆ ಊವ ಯಾರವ್ವ ತಕ್ಕತ್ತಾರೆ? ಅದ್ಕೇ ಸುಳ್ ಏಳ್ದೆ," ಎಂದು ಸೆರಗು ಬಾಯಿಗೊತ್ತಿಕೊಂಡಳು.

ಸೊಪ್ಪಿನಮ್ಮ ತನ್ನ ಮಂಡಿಯ ಬ್ಯಾಂಡೇಜನ್ನು ಸವರಿಕೊಂಡಳು. ಆಮೇಲೆ, "ಮೊದ್ಲೇ ಅಂದಿದ್ರೆ ನಾನು ಮೋರೀಲೇ ಕಾಲ್ ಇಳೇಬುಟ್ಕಂಡ್ ಕುಂತಿರ್ತಿದ್ನಲ್ಲೇ," ಎಂದಳು.

ಅಂದು ಮನೆಗೆ ಬಂದ ಅಮ್ಮ ಕೈಕಾಲು ತೊಳೆದು ದೇವರ ಪಟದ ಮೇಲಿದ್ದ ಹೂವನ್ನೆಲ್ಲ ತೆಗೆದಳು. ಹೂವಿನಮ್ಮ ಹೆದರಿದ್ದು ಯಾರಿಗೆ ಎಂದು ಆಗ ಅರ್ಥವಾಯಿತು. ನನಗೆ ನಾಚಿಕೆಯಾಯಿತು.

ಹೂವಿನಮ್ಮ ಮತ್ತೆ ಬುಟ್ಟಿ ಹೊತ್ತು ಬರಲಿಲ್ಲ. ಕೆರಗೋಡಿನ ಕಡೆ ತಂಗಿಯ ಮನೆಗೆ ಹೋದಳಂತೆ, ಅಲ್ಲೇ ತೀರಿಕೊಂಡಳಂತೆ... ಎಲ್ಲ ಅಂತೆಯೇ. ನಮ್ಮ ಬೀದಿಯಿಂದ ಯಾರೂ ಹೋಗಿ ನೋಡಲಿಲ್ಲ.

ಸೊಪ್ಪಿನಮ್ಮ ಈಗಲೂ ಅಲ್ಲೇ ಕೂರುತ್ತಾಳೆ, ಊರುಗೋಲನ್ನು ಪಕ್ಕಕ್ಕಿಟ್ಟು, ಗೋಣಿತಾಟಿನ ಅರ್ಧದಲ್ಲಿ. ಉಳಿದರ್ಧದಲ್ಲಿ ಯಾರನ್ನೂ ಕೂರಗೊಡುವುದಿಲ್ಲ. ಮೊನ್ನೆ ಮದ್ದೂರಿನಿಂದ ಬಂದು ಬಸ್ಸಿಳಿದ ನಾನು ಅವಳ ಮುಂದೆ ನಿಂತೆ. ನನ್ನ ಜಡೆಯ ಹೂವನ್ನು ನೋಡಿದಳು.

"ಎಲ್ ತಕ್ಕಂಡೆ ಊವ?"

"ಮದ್ದೂರಲ್ಲಿ."

"ಅವ್ಳಿದ್ದಿದ್ರೆ ಇನ್ನೂ ಒತ್ತಾಗ್ ಕಟ್ಟೋಳು," ಎಂದು ಸೊಪ್ಪಿನ ಕಟ್ಟು ಎತ್ತಿಕೊಟ್ಟಳು.

ತಲೆಯೆತ್ತಿ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.