ಲ್ಯಾಪ್‌ಟಾಪಿನೊಳಗಿನ ಇನ್ನೊಬ್ಬ ಮಗಳು

“ನಿಮಗ ಇಬ್ಬರು ಹೆಣ್ಮಕ್ಕಳೇನ್ರಿ?”

ಸೊಲ್ಲಾಪುರದಿಂದ ಕನ್ಯಾ ನೋಡಲು ಬಂದಿದ್ದ ವರನ ತಾಯಿ, ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಕೇಳಿದ ಪ್ರಶ್ನೆ ಇದು. ಎದುರಿಗೆ ಕೂತಿದ್ದವಳು ನನ್ನ ಅಣ್ಣನ ಮಗಳು ರೇಖಾ. ಗಂಗಾವತಿಯ ಆ ಮನೆಗೆ ಇರುವವಳು ಅವಳೊಬ್ಬಳೇ ಮಗಳು.

“ಇಲ್ರಿ, ಒಬ್ಬಾಕಿನ,” ಅಂದ ಅಣ್ಣ.

“ಹಂಗಾರ ಅವತ್ತ ವಿಡಿಯೋದಾಗ ನೋಡಿದ್ದು ಯಾರನ್ನ?”

ಆ ತಾಯಿ ಜಗಳ ತೆಗೆಯಲೆಂದು ಕೇಳಿದ್ದಲ್ಲ, ಪಾಪ. ನಿಜಕ್ಕೂ ಗೊಂದಲವಾಗಿತ್ತು. ಪರ್ಸಿನಿಂದ ಮೊಬೈಲು ತೆಗೆದು, ವಿಡಿಯೋ ಕಾಲಿನ ದಿನ ಹಿಡಿದಿಟ್ಟುಕೊಂಡಿದ್ದ ಫೋಟೊ ತೋರಿಸಿದರು. ನಾನೂ ಇಣುಕಿದೆ. ಅಲ್ಲಿದ್ದ ಹುಡುಗಿ ಹಬ್ಬಕ್ಕೆಂದು ಸುಣ್ಣ ಬಳಿದ ಗೋಡೆಯ ಹಾಗಿದ್ದಳು. ಅಷ್ಟು ಬಿಳುಪು, ಅಷ್ಟು ನುಣುಪು. ಮೂಗಿನ ಪಕ್ಕದ ಮಚ್ಚೆ ಇಲ್ಲ. ಚಿಕ್ಕಂದಿನಲ್ಲಿ ಜೋಕಾಲಿಯಿಂದ ಬಿದ್ದು ಗದ್ದಕ್ಕೆ ಆಗಿದ್ದ ಗಾಯದ ಗುರುತಿಲ್ಲ. ಸೀರೆ ಮಾತ್ರ ನಮ್ಮ ರೇಖಾಳದೇ.

ಅಪರಾಧಿ ಯಾರು? ನಾನಲ್ಲ. ನನ್ನ ಹೊಸ ಲ್ಯಾಪ್‌ಟಾಪು.

ಈ ಅಂಕಣ ಬರೆಯುತ್ತಿದ್ದ ನನ್ನ ಹಳೆಯ ಲ್ಯಾಪ್‌ಟಾಪು ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿತು. ಕೊಪ್ಪಳದ ಅಂಗಡಿಯಲ್ಲಿ ಹೊಸದು ಕೊಂಡೆ. “ಎಲ್ಲಾ ಒಳಗ ಹಾಕೇ ಬಂದೈತ್ರಿ ಮೇಡಂ. ನೀವ್ ಏನೂ ಮಾಡೂದ ಬ್ಯಾಡ,” ಅಂದರು ಅಂಗಡಿಯವರು. ಇದಕ್ಕಿಂತ ಹೆದರಿಕೆಯ ಮಾತು ಇನ್ನೊಂದಿದೆಯೇ? ಅವತ್ತು ನನಗೆ ಹೊಳೆಯಲಿಲ್ಲ, ಬಿಡಿ.

ಮನೆಗೆ ತಂದು ತೆರೆದೆ. ಒಳಗೆ ಆಗಲೇ ಸಂಸಾರ ಹೂಡಿದ್ದ ಸಾಫ್ಟ್‌ವೇರುಗಳು ಒಂದೊಂದಾಗಿ ಹೊರಬಂದವು. ನಾನಿನ್ನೂ ಒಂದಕ್ಷರ ಟೈಪ್ ಮಾಡಿಲ್ಲ, ಆಗಲೇ ಒಂದು “ಕಸ ತುಂಬಿದೆ, ಗುಡಿಸಲೇ?” ಅಂದಿತು. (ಕಸ ತಂದವರು ಯಾರು?) ಇನ್ನೊಂದು “ನೀವು ಅಪಾಯದಲ್ಲಿದ್ದೀರಿ” ಎಂದು ಕೆಂಪಗೆ ಹೆದರಿಸಿತು. ಮತ್ತೊಂದು ವಿನಯದಿಂದ, “ನಿಮ್ಮ ವಿಡಿಯೋ ಕರೆಗಳನ್ನು ಸುಂದರಗೊಳಿಸೋಣವೇ?” ಎಂದು ಕೇಳಿತು. ಕೆಳಗೆ ಎರಡೇ ಗುಂಡಿ. “ಹೌದು” ಮತ್ತು “ಆಮೇಲೆ ಕೇಳು”. “ಬೇಡ” ಅನ್ನುವ ಗುಂಡಿಯೇ ಇಲ್ಲ!

ಹೌದು ಒತ್ತಿದೆ. ನೀವಾದರೂ ಏನು ಮಾಡುತ್ತಿದ್ದಿರಿ?

ಅದೇ ವಾರ ಸೊಲ್ಲಾಪುರದ ಸಂಬಂಧ ಬಂತು. ಮೊದಲು ವಿಡಿಯೋದಲ್ಲಿ ಮಾತಾಡೋಣ, ಮನಸ್ಸಿಗೆ ಬಂದರೆ ಬರುತ್ತೇವೆ ಅಂದರಂತೆ. ಮೊಬೈಲಿನಲ್ಲಿ ಮುಖ ಸಣ್ಣದಾಗಿ ಕಾಣುತ್ತದೆಂದು ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ಲ್ಯಾಪ್‌ಟಾಪನ್ನು ಕರೆಸಿದರು. ಜೊತೆಗೆ ನನ್ನನ್ನೂ.

ವೈನಿಯ ತಯಾರಿ ನೋಡಬೇಕಿತ್ತು. ಕಿಟಕಿಗೆ ಹೊಸ ಪರದೆ. ಒರೆಸಿ ಹೊಳಪಿಸಿದ ಶೋಕೇಸು. ಅದರಲ್ಲಿ ರೇಖಾ ಕಾಲೇಜಿನಲ್ಲಿ ಗೆದ್ದ ಬಂಗಾರದ ಪದಕ, ಸರಿಯಾಗಿ ಕ್ಯಾಮೆರಾದ ಕಣ್ಣಿಗೆ ಬೀಳುವ ಹಾಗೆ. ಕಾಲ್ ಶುರುವಾಯಿತು. ಪರದೆ, ಶೋಕೇಸು, ಪದಕ ಎಲ್ಲವೂ ಮಂಜಿನಲ್ಲಿ ಮಾಯ! ಹಿನ್ನೆಲೆಯನ್ನು ಮಸುಕು ಮಾಡುವುದು ಆ ಸಾಫ್ಟ್‌ವೇರಿನ ಮೊದಲ ಸೇವೆ.

“ಹಿಂದ ಹೊಗಿ ಆಡಾಕತ್ತೈತೆಲ್ರಿ, ಅಡಗಿ ನಡದೈತೇನು?” ವರನ ತಂದೆ ಕೇಳಿದರು.

ಎರಡನೆಯ ಸೇವೆ ಕಣ್ಣಿನದು. ರೇಖಾ ಸಂಕೋಚದಿಂದ ಟೇಬಲ್ಲು ನೋಡುತ್ತ ಕೂತಿದ್ದಾಳೆ. ಲ್ಯಾಪ್‌ಟಾಪಿನೊಳಗಿನ ರೇಖಾ ಮಾತ್ರ ಸೊಲ್ಲಾಪುರವನ್ನೇ ದಿಟ್ಟಿಸುತ್ತಿದ್ದಾಳೆ. “ಹುಡುಗಿ ಭಾಳ ಧೈರ್ಯದಾಕಿ ಬಿಡ್ರಿ, ಕಣ್ಣ ಕೆಳಗ ಮಾಡವಲ್ಲಳು,” ಎಂದು ತಾಯಿ ನಕ್ಕರು. ಹೊಗಳಿದರೋ ತೆಗಳಿದರೋ ತಿಳಿಯಲಿಲ್ಲ. ಆಮೇಲೆ ಅಂದರು, “ಬಣ್ಣ ಮಾತ್ರ ಛಲೋ ಐತ್ರಿ.” ವೈನಿ ಟೇಬಲ್ಲಿನ ಕೆಳಗೆ ನನ್ನ ಕೈ ಹಿಚುಕಿದರು. ಬಳೆ ಒತ್ತಿ ಗುರುತು ಮೂಡಿತು.

(ನನಗೆ ಸಂಶಯ ಬರಲಿಲ್ಲವೇ ಎನ್ನುತ್ತೀರಾ? ಮೂಲೆಯಲ್ಲಿ ನನ್ನ ಮುಖವೂ ಕಾಣುತ್ತಿತ್ತು. ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು, ಸುಕ್ಕು ಹೋಗಿತ್ತು. ಅಣ್ಣನ ಮನೆಯಲ್ಲಿ ಬೆಳಕು ಚೆನ್ನಾಗಿದೆ ಅಂದುಕೊಂಡೆ.)

ರೇಖಾ ಗಂಗಾವತಿ ಹತ್ತಿರದ ಸಿದ್ದಾಪುರದ ಕಡೆ ಸಹಾಯಕ ಕೃಷಿ ಅಧಿಕಾರಿ. ಕಾಲುವೆ ಬಯಲಿನ ಭತ್ತದ ಗದ್ದೆಗಳಲ್ಲೇ ಅವಳ ಹಗಲು ಕಳೆಯುತ್ತದೆ. ಬೆಳೆಗೆ ರೋಗ ಬಿತ್ತೆಂದರೆ ರೈತರು ಮೊದಲು ಫೋನ್ ಮಾಡುವುದು ಅವಳಿಗೆ. ಅವತ್ತು ವಿಡಿಯೋ ಕಾಲಿನಲ್ಲಿ ಅವಳ ಕೆಲಸದ ಬಗ್ಗೆ ಯಾರಾದರೂ ಒಂದು ಮಾತು ಕೇಳಿದರೇ? ಇಲ್ಲ. ಬಣ್ಣ ಛಲೋ ಇತ್ತಲ್ಲ!

ಈಗ ಮತ್ತೆ ಆ ಕೋಣೆಗೆ ಬನ್ನಿ. ಮೊಬೈಲಿನ ಫೋಟೊ ಕೈಯಿಂದ ಕೈಗೆ ಹೋಗುತ್ತಿದೆ. ಅಣ್ಣ ನೆಲ ನೋಡುತ್ತಿದ್ದಾನೆ. ವೈನಿ ಗಡಿಬಿಡಿಯಲ್ಲಿ ಅಂದರು, “ಬಿಸಿಲಾಗ ಅಡ್ಡಾಡೂ ನೌಕರಿ ನೋಡ್ರಿ, ಅದಕ್ಕ ಹಿಂಗ ಆಗ್ಯಾಳ. ಮದಿವಿ ಆಗಿ ಮನ್ಯಾಗ ಕುಂತಳಂದ್ರ ಬೆಳ್ಳಗ ಆಗ್ತಾಳ್ರಿ.”

ರೇಖಾ ತಲೆ ಎತ್ತಿ ತಾಯಿಯನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಾದರೂ ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಆಮೇಲೆ ಅತಿಥಿಗಳ ಕಡೆ ತಿರುಗಿದಳು.

“ನಾನು ಮನ್ಯಾಗ ಕುಂದ್ರಾಕಿ ಅಲ್ರಿ. ಬೆಳ್ಳಗ ಆಗಾಕಿನೂ ಅಲ್ರಿ. ನಿಮಗ ಆ ಹುಡುಗೀನ ಬೇಕಂದ್ರ ನಮ್ಮತ್ತಿ ಲ್ಯಾಪ್‌ಟಾಪ್ ಒಯ್ರಿ. ಅಕಿ ಅದರಾಗ ಅದಾಳ.”

ವರ ಗೊಳ್ಳೆಂದು ನಕ್ಕ. ಅವನೊಬ್ಬನೇ. ತಾಯಿ ತಿರುಗಿ ನೋಡಿದ್ದೇ ತಡ, ನಗು ಅಲ್ಲೇ ನಿಂತಿತು. ಚಹಾ ಬಂತು, ಕುಡಿದರು, “ತಿಳಸ್ತೀವ್ರಿ” ಅಂದರು, ಹೊರಟರು. ಅಂದಹಾಗೆ, ವರನ ಬಣ್ಣ ಹೇಗಿತ್ತು? ನೋಡಿ, ನೀವೂ ಈಗಷ್ಟೇ ಯೋಚಿಸುತ್ತಿದ್ದೀರಿ. ಅಲ್ಲಿದ್ದ ನಾವ್ಯಾರೂ ಯೋಚಿಸಿರಲೇ ಇಲ್ಲ. (ರೇಖಾಳಿಗಿಂತ ಒಂದು ಕೈ ಹೆಚ್ಚೇ ಕಪ್ಪು.)

ಆಮೇಲೆ ಜಾತಕ ಕೂಡಲಿಲ್ಲವೆಂದು ಸುದ್ದಿ ಬಂತು. ವಿಡಿಯೋ ಕಾಲಿಗಿಂತ ಮೊದಲು ಚೆನ್ನಾಗಿ ಕೂಡಿದ್ದ ಜಾತಕ ಅದು. ಸೊಲ್ಲಾಪುರದಲ್ಲಿ ಗ್ರಹಗಳಿಗೂ ಅಪ್‌ಡೇಟ್ ಬರುತ್ತವೋ ಏನೋ. ವರ ಮಾತ್ರ ರೇಖಾಳಿಗೆ ಮೆಸೇಜ್ ಹಾಕಿದ್ದನಂತೆ, “ನಿಮ್ಮ ಮಾತು ಭಾಳ ಛಲೋ ಅನಿಸ್ತು” ಎಂದು. “ಅದನ್ನ ನಿಮ್ಮ ಅವ್ವಾರ ಮುಂದ ಹೇಳ್ರಿ” ಎಂದು ಇವಳು ಉತ್ತರಿಸಿದಳು. ಅಲ್ಲಿಗೆ ಆ ಮೆಸೇಜುಗಳು ನಿಂತವು.

ಮಾಡಿದ ಅನಾಹುತಕ್ಕೆ ಲ್ಯಾಪ್‌ಟಾಪಿನ ಹೊಟ್ಟೆ ಬಗೆಯಲೇಬೇಕೆಂದು ಕೂತೆ. ಸೆಟ್ಟಿಂಗ್ಸಿನ ಒಳಗೊಂದು ಸೆಟ್ಟಿಂಗ್ಸು, ಅದರೊಳಗೆ ಇನ್ನೊಂದು. ತಳದಲ್ಲಿ ಅವಿತಿತ್ತು ಆ ಮಹಾಶಯ. ಮುಖದ ಬಣ್ಣಕ್ಕೆ ಒಂದು ಗೆರೆ, ಮೇಲೆ ಜಾರುವ ಚುಕ್ಕಿ. ಗೆರೆಯ ಶುರುವಿನಲ್ಲಿ “ನ್ಯಾಚುರಲ್” ಎಂದಿತ್ತು. ಅಲ್ಲಿಗೆ ತಂದೆ. ಆಗಲೂ ನಾನು ಬೆಳ್ಳಗೇ ಇದ್ದೆ! ಬಲಕ್ಕೆ ಎಳೆದರೆ ಇನ್ನೂ ಬೆಳ್ಳಗೆ. ಎಡಕ್ಕೆ ಹೋಗಲು ಗೆರೆಯೇ ಇಲ್ಲ. ಕಂಪನಿಯವರಿಗೆ ಬೆಳ್ಳಗಿರುವುದೇ ಸಹಜ. ಹಾಗಾದರೆ ನಾವು ಏನು? ಸಾಫ್ಟ್‌ವೇರ್ ಹಾಕುವುದಕ್ಕಿಂತ ಮೊದಲಿನ ಕಚ್ಚಾ ಮಾಲೇ?

ಕಿತ್ತು ಹಾಕಲು ಹೋದೆ. ಕಿತ್ತುಹಾಕುವ ಗುಂಡಿ ಮಂಕಾಗಿ, ಒತ್ತಿದರೂ ಒತ್ತಿಸಿಕೊಳ್ಳದೆ ಕೂತಿತ್ತು. ಆಫ್ ಮಾಡಿದೆ. ಲ್ಯಾಪ್‌ಟಾಪು ಒಮ್ಮೆ ಮಲಗಿ ಎದ್ದಿತು, ಇದೂ ಎದ್ದಿತು. ಮತ್ತೆ ಆಫ್, ಮತ್ತೆ ಆನ್. ಕೊನೆಗೆ ರೇಖಾ ಮೀಟಿಂಗಿಗೆಂದು ಕೊಪ್ಪಳಕ್ಕೆ ಬಂದವಳು ನನ್ನ ಮನೆಗೂ ಬಂದಳು. ಇಬ್ಬರೂ ಕೂತು ಅದರ ಬೇರು ಹುಡುಕಿ ಬಂದ್ ಮಾಡಿದೆವು. ಕ್ಯಾಮೆರಾ ತೆರೆದಳು. ಮಚ್ಚೆ ಬಂತು. ಗದ್ದದ ಗುರುತು ಬಂತು. ಹಣೆಯ ಮೇಲೆ, ಬಿಸಿಲಿಗೆ ಹಾಕುವ ಟೋಪಿಯ ಗೆರೆಯೂ ಬಂತು.

“ಛಲೋ ಅದೀನಲ್ಲ ಅತ್ತಿ?” ಅಂದಳು. ಆ ಕೊನೆಯ ಪ್ರಶ್ನಾರ್ಥಕ ಚಿಹ್ನೆಯನ್ನು ಅವಳೊಳಗೆ ಹಾಕಿದವರು ಯಾವ ಕಂಪನಿಯವರು? ನಾನು ಅವಳ ತಲೆ ಸವರಿ ಚಹಾಕ್ಕಿಡಲು ಎದ್ದೆ.

ನಿನ್ನೆ ವೈನಿಯ ಫೋನು. ಕುಷ್ಟಗಿ ಕಡೆಯದೊಂದು ಸಂಬಂಧ ಬಂದಿದೆಯಂತೆ.

“ಬರೂ ಐತವಾರ ಲ್ಯಾಪ್‌ಟಾಪ್ ತಗೊಂಡ ಬಾ ನಮ್ಮವ್ವಾ. ಆ ಬೆಳ್ಳಗ ಮಾಡೂದು ಅದರಾಗ ಇನ್ನೂ ಐತಿಲ್ಲ?”

“ಬಂದ್ ಮಾಡೀನ್ರಿ ವೈನಿ.”

ವೈನಿ ದನಿ ತಗ್ಗಿಸಿದರು, “ಮತ್ತ ಚಾಲೂ ಮಾಡಾಕ ಬರ್ತೈತೇನು?”

ಬರದೆ ಏನು? ಚಾಲೂ ಮಾಡಲು ಒಂದು ಗುಂಡಿ ಒತ್ತಿದರೆ ಸಾಕು. ಬಂದ್ ಮಾಡುವುದಕ್ಕೇ ಜೀವ ಹೋಗುತ್ತದೆ.