ಪೂಜೆಗಿಟ್ಟ ಪುಸ್ತಕ

ನಮ್ಮ ಮನೆಯಲ್ಲಿದ್ದ ಒಂದೇ ಒಂದು ದೊಡ್ಡ ಪರದೆಯ ಮೊಬೈಲು ಅವ್ವನದು. ಸಂಜೆ ರೊಟ್ಟಿ ಬಡಿದು ಮುಗಿಸಿ, ಸಂಶಿಯಲ್ಲಿರುವ ತನ್ನ ತಂಗಿಯ ಮುಖ ನೋಡುತ್ತ ಹರಟೆ ಹೊಡೆಯುವುದೊಂದೇ ಅವಳ ಚಟ. ನಾನು ಅಣ್ಣಿಗೇರಿಯಲ್ಲಿ ಬಿ.ಎ. ಸೇರಿದಾಗ ಪಠ್ಯಪುಸ್ತಕಗಳೆಲ್ಲ ಪಿಡಿಎಫ್ ಆಗಿ ಕ್ಲಾಸಿನ ಗ್ರೂಪಿಗೆ ಬಂದವು. "ಪುಸ್ತಕ ಎಲ್ಲಾ ಮೊಬೈಲಿನ್ಯಾಗ ಅದಾವ ಬೇ" ಅಂದೆ. ಅವ್ವ ಅವತ್ತೇ ಅದನ್ನು ನನ್ನ ಕೈಗಿಟ್ಟಳು. ಓದು ಬರಹ ಬಾರದ ಅವಳು ಅಂದಿನಿಂದ ಅದನ್ನು ಪುಸ್ತಕ ಎಂದೇ ಕರೆಯತೊಡಗಿದಳು. ತಂಗಿಯ ನೆನಪಾದರೂ, "ಓದಾಕತ್ತಾಳ, ಇರ್ಲಿ ಬಿಡು" ಎಂದು ಸುಮ್ಮನಾಗುತ್ತಿದ್ದಳು.

ನನ್ನ ಓದು ಅಷ್ಟಕ್ಕಷ್ಟೇ. ಕಿವಿಗೆ ಇಯರ್‌ಫೋನು ಸಿಕ್ಕಿಸಿ ರೀಲ್ಸ್ ನೋಡುತ್ತಿದ್ದೆ. ನೋಡುವಾಗ ಹಣೆ ಗಂಟಿಕ್ಕಿಕೊಳ್ಳುತ್ತಿದ್ದೆ, ಅವ್ವನಿಗೆ ಇತಿಹಾಸ ಓದುವವಳ ಹಾಗೆ ಕಾಣಬೇಕಲ್ಲ! ದಸರೆಗೆ ಮುಂಚೆ ಮೆಮೊರಿ ತುಂಬಿಹೋಯಿತು. ಡಾನ್ಸಿನ ವಿಡಿಯೋ ಒಂದನ್ನೂ ಅಳಿಸಲು ಮನಸ್ಸು ಬರಲಿಲ್ಲ. ಆರೂ ಪುಸ್ತಕ ಅಳಿಸಿಬಿಟ್ಟೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಕೆ.

ಮಹಾನವಮಿಯ ದಿನ ನಮ್ಮಲ್ಲಿ ಖಂಡೇಪೂಜೆ. ದುಡಿಯುವ ಸಾಮಾನು, ಓದುವ ಪುಸ್ತಕ ಎಲ್ಲವನ್ನೂ ದೇವರ ಜಗಲಿಯ ಮುಂದಿಟ್ಟು ವಿಭೂತಿ ಹಚ್ಚುತ್ತೇವೆ. ಅವ್ವ ಕುಡುಗೋಲು, ಕೊಡಲಿಗಳ ಬಾಜುವಿಗೆ ಒಂದು ಮಣೆ ಹಾಕಿ, ಅದರ ಮೇಲೆ ಹೊಸ ಕುಬಸದ ಬಟ್ಟೆ ಹಾಸಿ ಕರೆದಳು.

"ಪುಸ್ತಕ ತಾ ಯವ್ವಾ."

ತಂದಿಟ್ಟೆ. ಕಪ್ಪು ಪರದೆ ನೋಡಿ, "ಮುಚ್ಚಿದ್ದು ಬ್ಯಾಡ, ಹಾಳಿ ತಗದಿಡು. ಅಕ್ಷರಕ್ಕ ಪೂಜಿ ಆಗಬೇಕು" ಅಂದಳು.

ಮೊಬೈಲು ಎತ್ತಿಕೊಂಡು ಅತ್ತ ತಿರುಗಿದೆ. ಗ್ರೂಪಿನಿಂದ ಮತ್ತೆ ಇಳಿಸಿಕೊಳ್ಳೋಣವೆಂದರೆ ನೆಟ್‌ವರ್ಕ್ ಇರಲಿಲ್ಲ. ಯಾವಾಗಲೋ ತೆಗೆದಿಟ್ಟ ಒಂದು ಸ್ಕ್ರೀನ್‌ಶಾಟ್ ಸಿಕ್ಕಿತು. ಕೂದಲು ಉದುರದಂತೆ ಯಾವ ಎಣ್ಣೆ ಹಚ್ಚಬೇಕೆಂಬ ಬರಹ. ಒತ್ತೊತ್ತಾಗಿ ಅಕ್ಷರಗಳಿದ್ದವು, ಅವ್ವನಿಗೆ ಅಷ್ಟು ಸಾಕು ಅಂದುಕೊಂಡೆ.

ಅವಳು ತಲೆ ಮೇಲೆ ಸೆರಗು ಹೊದ್ದು, ನೀರಲ್ಲಿ ಕಲೆಸಿದ ವಿಭೂತಿಯನ್ನು ಮೂರು ಬೆರಳಿನಿಂದ ಆ ಎಣ್ಣೆಯ ಬರಹದ ಮೇಲೆ ಎಳೆದಳು. ಹೂ ಏರಿಸಿ, ಕಣ್ಣು ಮುಚ್ಚಿ, "ನನಗಂತೂ ಒಂದಕ್ಷರ ಬರಲಿಲ್ಲ. ಇಕಿ ನಾಲಿಗಿ ಮ್ಯಾಲರ ಬಂದು ಕುಂದ್ರು ನಮ್ಮವ್ವಾ" ಎಂದು ಬೇಡಿಕೊಂಡಳು. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪರದೆ ತಾನಾಗಿಯೇ ಆರಿತು.

ಅವ್ವ ಬೆಚ್ಚಿಬಿದ್ದಳು. "ಅಯ್ಯ ಶಿವನ! ಹಸಿ ಕೈ ಹಚ್ಚಿ ಪುಸ್ತಕ ಕೆಡಿಸಿದ್ನೇನು?"

ಇಲ್ಲ ಅನ್ನಬಹುದಿತ್ತು. ಆದರೆ ನನಗೆ ಕಂಡದ್ದು ಪಾರಾಗುವ ದಾರಿ ಮಾತ್ರ.

"ಅದಕ್ಕ ಹೇಳೂದು, ತಿಳೀಲಾರದ್ದು ಮುಟ್ಟಬ್ಯಾಡ ಅಂತ! ಎಲ್ಲಾ ಪುಸ್ತಕ ಹೋದ್ವು ನೋಡು" ಎಂದು ಅವಳ ಮೇಲೆಯೇ ರೇಗಿದೆ.

ಅವ್ವ ಜಗಲಿಯ ಕಡೆ ತಿರುಗಿ, ವಿಭೂತಿ ಮೆತ್ತಿದ ಕೈಯಲ್ಲೇ ಎರಡೂ ಗಲ್ಲ ಬಡಿದುಕೊಳ್ಳುತ್ತ, "ತಪ್ಪಾತು ತಾಯಿ. ತಪ್ಪು ನಂದು, ಇಕಿ ಓದಿನ ಮ್ಯಾಲೆ ಹಾಕಬ್ಯಾಡ" ಅಂದಳು.