ಮೊದಲೇ ಸಹಿಯಾದ ಹಾಳೆ

ತುಮಕೂರಿನಲ್ಲಿ ವಿಚಾರಣಾಧಿಕಾರಿಯಾದ ಮೊದಲ ವರ್ಷ, ಪ್ರತಿ ವಿಚಾರಣೆ ಶುರುವಾದ ಮತ್ತು ಮುಗಿದ ಹೊತ್ತನ್ನು ಡೈರಿಯಲ್ಲಿ ಬರೆದಿಡುತ್ತಿದ್ದೆ. ಹದಿನೇಳನೆಯದು ಹುತ್ರಿದುರ್ಗದ ಕಡೆಯ ಅಂಗನವಾಡಿ ಕಾರ್ಯಕರ್ತೆಯದು. ಹನ್ನೊಂದು ದಿನ ಕೇಂದ್ರಕ್ಕೆ ಬೀಗ ಬಿದ್ದಿತ್ತು ಎಂಬುದು ಆರೋಪ. ಸಾಬೀತಾದರೆ ಆಕೆಯ ಕೆಲಸ ಹೋಗುತ್ತಿತ್ತು.

ವರದಿ ಬರೆಯಲು ಕಡತ ತೆರೆದೆ. ‘ಹೇಳಿಕೆ ಆಲಿಸಲಾಯಿತು. ಹೇಳುವುದು ಬೇರೇನೂ ಇಲ್ಲ’ ಎಂದಿತ್ತು. ಕೆಳಗೆ ಆಕೆಯ ಸಹಿ, ಅದರ ಪಕ್ಕ ನನ್ನದು. ಡೈರಿ ನೋಡಿದೆ. ಹಾಳೆಯ ಮೇಲಿದ್ದ ದಿನಾಂಕ ಬುಧವಾರದ್ದು. ಆ ಬುಧವಾರ ನಾನು ಇಡೀ ದಿನ ಗುಬ್ಬಿಯಲ್ಲಿದ್ದೆ. ನಡೆಸಿದ ವಿಚಾರಣೆ: ಸೊನ್ನೆ.

ಇದು ಹೇಗೆ ಬಂತೆಂದು ಕಚೇರಿಯ ಗುಮಾಸ್ತರನ್ನು ಕೇಳಿದೆ. ಅವರು ತಲೆ ಎತ್ತದೆಯೇ ಹೇಳಿದರು: “ವಿಚಾರಣೆಗೆ ಬಂದೋರು ಕುಣಿಗಲ್ ಬಸ್ ತಪ್ತದೆ ಅಂತ ಖಾಲಿ ಹಾಳೆಗೆ ಸೈನ್ ಹಾಕಿ ಹೋಗ್ತಾರೆ ಮೇಡಂ. ಆಮೇಲೆ ನಾನು ತುಂಬ್ತೀನಿ. ಮೊದ್ಲಿಂದ ನಡ್ಕೊಂಡು ಬಂದಿರೋದೇ ಹಿಂಗೆ.”

ಗುಬ್ಬಿಗೆ ಹೋಗಿದ್ದ ಮರುದಿನ ಅವರು ತಂದಿಟ್ಟ ಕಡತಗಳಿಗೆ ಓದದೆ ಸಹಿ ಹಾಕಿದವಳು ನಾನೇ.

ಮೇಲಧಿಕಾರಿಗೆ ಹೇಳಿದೆ. “ಎರಡೂ ಸೈನ್ ಇದಾವಲ್ರೀ, ಇನ್ನೇನ್ ಬೇಕು? ನಿಮ್ಮ ಸರ್ವಿಸ್‌ಗೆ ನೀವೇ ಕಲ್ಲು ಹಾಕ್ಕೋಬೇಡಿ.”

“ನಾನು ಆಕೆ ಮಾತು ಕೇಳೇ ಇಲ್ಲ ಸರ್.”

“ಹಂಗಂತ ಬರೆದು ಕೊಡ್ತೀರಾ?”

“ಕೊಡ್ತೀನಿ.”

ಬರೆದೆ: ಈ ವಿಚಾರಣೆ ನಡೆದಿಲ್ಲ, ಓದದೆ ಸಹಿ ಮಾಡಿದ್ದು ನನ್ನ ತಪ್ಪು, ಮತ್ತೆ ನಡೆಸುತ್ತೇನೆ. ಹಳೆಯ ಹಾಳೆಯನ್ನು ತೆಗೆಯಲಿಲ್ಲ, ಕಡತದಲ್ಲೇ ಇರಲಿ ಎಂದು ಬಿಟ್ಟೆ.

ಸೋಮವಾರ ಆಕೆ ಬಂದರು. ಗುಮಾಸ್ತರು ಅಭ್ಯಾಸಬಲದಿಂದ ಹಾಳೆ, ಪೆನ್ನು ಮುಂದೆ ಸರಿಸಿದರು. ಆಕೆ ಸಹಿ ಹಾಕಲು ಬಗ್ಗಿಯೇ ಬಿಟ್ಟರು.

“ಬೇಡಮ್ಮ. ಮೊದಲು ಮಾತಾಡಿ.”

“ಬಸ್ಸು ಮೇಡಂ…”

“ಇನ್ನೊಂದು ಬರುತ್ತೆ. ಕೂತ್ಕೊಳ್ಳಿ.”

ಕೇಂದ್ರದ ಸೂರಿನ ಗಾರೆ ಉದುರುತ್ತಿದ್ದರಿಂದ ಮಕ್ಕಳನ್ನು ಪಕ್ಕದ ಗುಡಿಯ ಜಗಲಿಯಲ್ಲಿ ಕೂರಿಸುತ್ತಿದ್ದರಂತೆ. “ತಪಾಸಣೆಗೆ ಬಂದೋರು ಬೀಗ ನೋಡ್ಕೊಂಡು ಹಂಗೇ ಹೋಗವ್ರೆ. ಅಷ್ಟು ಮಕ್ಳು ಕಿರುಚ್ತಿದ್ದದ್ದು ಕಿವಿಗೆ ಬೀಳ್ಲಿಲ್ವಾ?” ಎಂದು ಚೀಲದಿಂದ ಮೊಟ್ಟೆ ಹಂಚಿದ ಪುಸ್ತಕ ತೆಗೆದರು. ದಿನದಿನಕ್ಕೂ ತಾಯಂದಿರ ಸಹಿ. ಆರೋಪದ ದಿನಗಳ ಎದುರು ಒಂದೊಂದನ್ನೇ ಇಟ್ಟು ನೋಡಿದೆ. ಹನ್ನೊಂದಕ್ಕೆ ಹನ್ನೊಂದೂ ಇದ್ದವು. ಹೇಳಿದ್ದೆಲ್ಲವನ್ನೂ ಬರೆದು ಓದಿ ಹೇಳಿದ ಮೇಲೆಯೇ ಆಕೆಗೆ ಪೆನ್ನು ಕೊಟ್ಟೆ. ಹಿಡಿದ ಹೊತ್ತು: ಒಂದು ಗಂಟೆ ಹತ್ತು ನಿಮಿಷ.

ಆರೋಪ ಸಾಬೀತಾಗಿಲ್ಲ ಎಂದು ವರದಿ ಕೊಟ್ಟೆ. ಆಕೆಯ ಕೆಲಸ ಉಳಿಯಿತು. ಅದೇ ವಾರ, ಓದದೆ ಸಹಿ ಹಾಕಿದ್ದಕ್ಕೆ ನನಗೆ ಕಾರಣ ಕೇಳುವ ನೋಟಿಸ್ ಬಂತು. ಡೈರಿಯ ಆ ಬುಧವಾರದ ಮತ್ತು ಸೋಮವಾರದ ಪುಟಗಳ ನಕಲು ಲಗತ್ತಿಸಿ ಉತ್ತರ ಬರೆದೆ: ನನ್ನನ್ನೂ ಎದುರಿಗೆ ಕೂರಿಸಿಕೊಂಡು ಕೇಳಿ. ಕೇಳುವ ಮೊದಲು ನಾನು ಯಾವ ಹಾಳೆಗೂ ಸಹಿ ಹಾಕುವುದಿಲ್ಲ.